ಚಾರ್ಜರ್ ಹಾಕಿದರೆ ಗುಂಯ್ ಸದ್ದು, ಚಂಡೆಯ ಸ್ಯಾಂಪಲ್, ಶ್ರುತಿಗೆ ಕೂಡದ ಸಿಂಥ್: ಕುಮಟಾದಿಂದ ಮೂರು ಪ್ರಶ್ನೆ

ಅಳಿವೆದಂಡೆ (ಕುಮಟಾ):

ಸಾಮಾನು ಇಷ್ಟಿದೆ: 8 ಜಿಬಿ ರ್‍ಯಾಮಿನ ವಿಂಡೋಸ್ ಲ್ಯಾಪ್‌ಟಾಪ್, ಎರಡು ಇನ್‌ಪುಟ್ಟಿನ ಯುಎಸ್‌ಬಿ ಇಂಟರ್‌ಫೇಸ್ (ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನದನ್ನು ಸ್ಪೀಕರಿಗೆ ದಾಟಿಸುವ ಪೆಟ್ಟಿಗೆ), 25 ಕೀಲಿಯ ಮಿಡಿ ಕೀಬೋರ್ಡ್ (ಸ್ವಂತ ದನಿ ಇಲ್ಲದೆ ಒತ್ತಿದ ಕೀಲಿಯ ಸುದ್ದಿ ಮಾತ್ರ ಕಳಿಸುವಂಥದ್ದು), 5 ಇಂಚಿನ ಪವರ್ಡ್ ಸ್ಪೀಕರ್ ಒಂದು ಜೊತೆ, ಹೆಡ್‌ಫೋನ್. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಕೆಲಸ, ಸಿಂಥ್‌ಗೆ (ದನಿ ಹುಟ್ಟಿಸಲು) ಸರ್ಜ್ ಎಕ್ಸ್‌ಟಿ ಎಂಬ ಸಾಫ್ಟ್‌ವೇರ್. ಯಕ್ಷಗಾನದ ಲಯ ಇಟ್ಟುಕೊಂಡು ನಿಧಾನಗತಿಯ ಎಲೆಕ್ಟ್ರಾನಿಕ್ ಸಂಗೀತ ಮಾಡುವ ಆಸೆ. ತೊಡಕು ಮೂರು.

ಒಂದು, ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿದರೆ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು. ಹೆಡ್‌ಫೋನಿನಲ್ಲಿ ಅದಿಲ್ಲ, ತೀರಾ ಸಣ್ಣಗೆ ಕುಂಯ್ ಅನ್ನುವುದು ಮಾತ್ರ ಕೇಳುತ್ತದೆ. ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಕೈ ಜುಂ ಅನ್ನುತ್ತದೆ. ಮಳೆಗಾಲದಲ್ಲಿ ಇಷ್ಟು ಜೋರಾಗಿರಲಿಲ್ಲ.

ಎರಡು, ಪರಿಚಯದವರ ಚಂಡೆಯ ಪೆಟ್ಟುಗಳನ್ನು ರೆಕಾರ್ಡ್ ಮಾಡಿ ಪ್ಯಾಡಿಗೆ (ಬೆರಳಿನಿಂದ ತಟ್ಟಿ ನುಡಿಸುವ ಗುಂಡಿಗೆ) ಹಾಕಬೇಕು. ಇದಕ್ಕೆ ಕಂಡೆನ್ಸರ್ ಮೈಕ್ ಬೇಕೇ? ಒಟ್ಟು 6,000 ರೂಪಾಯಿ ಖರ್ಚು ಮಾಡಬಹುದು. ಮನೆ ಹಂಚಿನದು.

ಮೂರು, ಶ್ರುತಿಪೆಟ್ಟಿಗೆ ಹಾಕಿ ಸಿಂಥಿನಲ್ಲಿ ಮೋಹನ ರಾಗ ನುಡಿಸಿದರೆ ಗಾಂಧಾರ ಒರಟು ಕೇಳುತ್ತದೆ. ಪ್ಯಾಚ್ (ಸಿಂಥಿನ ದನಿಯ ಬಗೆ) ಬದಲಿಸಿದರೂ ಹಾಗೆಯೇ.

ಮೂರನೇ ಪಿನ್ (ಶಿರಸಿ):

ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತೇನೆ. ಅದು ಬಗೆಹರಿಯದೆ ಮೈಕ್ ತಂದರೆ ಮೈಕಿನಲ್ಲೂ ಅದೇ ಗುಂಯ್ ಬರುತ್ತದೆ.

ಲ್ಯಾಪ್‌ಟಾಪ್ ಚಾರ್ಜರಿನೊಳಗೆ ಮೇನ್ಸ್ ಬದಿಗೂ ಔಟ್‌ಪುಟ್ ಬದಿಗೂ ನಡುವೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ, ವೈ ಕೆಪಾಸಿಟರ್ ಅನ್ನುತ್ತಾರೆ. ರೇಡಿಯೊ ಗದ್ದಲ ತಡೆಯಲು ಹಾಕಿದ್ದು. ಅದರ ಮೂಲಕ ತೀರಾ ಸಣ್ಣ ಕರೆಂಟ್ ಸೋರುತ್ತಲೇ ಇರುತ್ತದೆ. ಅರ್ತ್ ಸರಿ ಇದ್ದರೆ ಅದು ಮೂರನೇ ಪಿನ್ನಿನಲ್ಲಿ ಇಳಿದು ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮೈಯೇ ಅರ್ಧ ಮೇನ್ಸ್ ವೋಲ್ಟೇಜಿನ ಆಸುಪಾಸು ತೇಲುತ್ತದೆ. ಕೈ ಜುಂ ಅನ್ನುವುದು ಅದಕ್ಕೇ. ಆ ಕರೆಂಟಿಗೆ ಇಳಿಯಲು ಉಳಿದ ದಾರಿ ಎಂದರೆ ಇಂಟರ್‌ಫೇಸ್, ಅಲ್ಲಿಂದ ಸ್ಪೀಕರಿಗೆ ಹೋಗುವ ಕೇಬಲ್ಲಿನ ಹೊರ ಹೆಣಿಗೆ. ನಿಮ್ಮದು ಆರ್‌ಸಿಎ ಕೇಬಲ್ (ಟಿವಿ, ಡಿವಿಡಿಗೆ ಬಳಸುವ ಕೆಂಪು-ಬಿಳಿ ಪ್ಲಗ್ಗಿನದು) ಆಗಿದ್ದರೆ ಆ ಹೆಣಿಗೆಯೇ ಸಿಗ್ನಲ್ಲಿನ ವಾಪಸು ದಾರಿಯೂ ಹೌದು, ಹಾಗಾಗಿ ಸೋರುವ 50 ಹರ್ಟ್ಸ್ ಸೀದಾ ಸಂಗೀತದೊಳಗೆ ಸೇರುತ್ತದೆ. ಹೆಡ್‌ಫೋನಿಗೆ ಬೇರೆ ಎಲ್ಲೂ ಅರ್ತ್ ಸಂಪರ್ಕ ಇಲ್ಲ, ಕರೆಂಟ್ ಹರಿಯಲು ದಾರಿ ಇಲ್ಲ, ಅದಕ್ಕೇ ಅಲ್ಲಿ ಗುಂಯ್ ಇಲ್ಲ.

ಖರ್ಚಿಲ್ಲದೆ ಪರೀಕ್ಷಿಸುವ ಕ್ರಮ: ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ಪೂರ್ತಿ ನಿಂತರೆ ಮೇಲೆ ಹೇಳಿದ್ದೇ ಕಾರಣ. ನಿಲ್ಲದಿದ್ದರೆ ಇಂಟರ್‌ಫೇಸಿನ ಕಡೆಯ ಕೇಬಲ್ ಕೀಳಿ. ಆಗಲೂ ಇದ್ದರೆ ತಪ್ಪು ಸ್ಪೀಕರಿನೊಳಗೆ ಅಥವಾ ಆ ಕೇಬಲ್ಲಿನಲ್ಲೇ ಇದೆ.

ಆಮೇಲೆ ಮಲ್ಟಿಮೀಟರನ್ನು ಎಸಿ 750 ವೋಲ್ಟಿನ ಸ್ಥಾನದಲ್ಲಿಟ್ಟು ಸಾಕೆಟ್ ಅಳೆಯಿರಿ. ಕೈ ಪಳಗಿಲ್ಲದವರು ವೈರ್‌ಮನ್‌ನಿಂದ ಅಳೆಸಿ. ಫೇಸ್-ನ್ಯೂಟ್ರಲ್ 230ರ ಸುತ್ತ, ಫೇಸ್-ಅರ್ತ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ತ್ ಎರಡು ಮೂರು ವೋಲ್ಟಿನೊಳಗೆ ಬರಬೇಕು. ಮೂರೂ ಅಂಕಿ ಇಲ್ಲಿ ಹಾಕಿ.

ಅಂತರ್ಜಾಲದಲ್ಲಿ ಸಿಗುವ ಒಂದು ಸಲಹೆ ಮಾತ್ರ ಕೇಳಬೇಡಿ: ಸ್ಪೀಕರ್ ಪ್ಲಗ್ಗಿನ ಅರ್ತ್ ಪಿನ್ ಮುರಿಯುವುದು. ಗುಂಯ್ ನಿಲ್ಲುತ್ತದೆ, ನಿಜ. ಒಳಗೆ ಎಲ್ಲಾದರೂ ಫೇಸ್ ತಂತಿ ಲೋಹಕ್ಕೆ ತಾಗಿದ ದಿನ ಸ್ಪೀಕರ್ ಮುಟ್ಟಿದವನ ಹೃದಯವೂ ನಿಲ್ಲುತ್ತದೆ.

ಅಳಿವೆದಂಡೆ (ಕುಮಟಾ):

ಬ್ಯಾಟರಿಯಲ್ಲಿ ಸ್ಪೀಕರ್ ಪೂರ್ತಿ ನಿಶ್ಶಬ್ದ. ಕೇಬಲ್ ಆರ್‌ಸಿಎ ಹೌದು. ಅಳತೆ: ಫೇಸ್-ನ್ಯೂಟ್ರಲ್ 221, ಫೇಸ್-ಅರ್ತ್ 183, ನ್ಯೂಟ್ರಲ್-ಅರ್ತ್ 38.

ಮೂರನೇ ಪಿನ್ (ಶಿರಸಿ):

183ಕ್ಕೆ 38 ಕೂಡಿಸಿ ನೋಡಿ, ಸರಿಯಾಗಿ 221. ಅಂದರೆ ನಿಮ್ಮ ಅರ್ತ್ ತಂತಿ ನೆಲಕ್ಕೆ ತಾಗಿಲ್ಲ, ಫೇಸಿಗೂ ನ್ಯೂಟ್ರಲಿಗೂ ನಡುವೆ ಎಲ್ಲೋ ತೇಲುತ್ತಿದೆ. ಕಾರಣ ಎರಡರಲ್ಲೊಂದು: ಸಾಕೆಟ್ಟಿನ ಹಿಂದೆಯೋ ಬೋರ್ಡಿನಲ್ಲೋ ತಂತಿ ಬಿಟ್ಟಿದೆ, ಇಲ್ಲವೇ ಅರ್ತ್ ಗುಂಡಿ ಒಣಗಿದೆ.

ಮಳೆಗಾಲದಲ್ಲಿ ಸದ್ದು ಕಡಿಮೆ ಇತ್ತು ಎಂದಿರಿ, ಹಾಗಾಗಿ ಗುಂಡಿಯ ಮೇಲೆ ನನ್ನ ಗುಮಾನಿ. ಚಿರೇಕಲ್ಲಿನ ನೆಲ ಒಣಗಿದರೆ ಕರೆಂಟ್ ಹೀರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೆನ್ನಾಗಿರುವ ಅರ್ತ್ ಏಪ್ರಿಲ್-ಮೇಯಲ್ಲಿ ಹೆಸರಿಗೆ ಮಾತ್ರ ಇರುತ್ತದೆ. ಗುಂಡಿಯ ಪೈಪಿಗೆ ಮೂರು ನಾಲ್ಕು ಕೊಡ ನೀರು ಹೊಯ್ದು ಮರುದಿನ ಅಳೆಯಿರಿ. 38 ಇಳಿದರೆ ಗುಂಡಿಯದೇ ತಪ್ಪು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹೊಯ್ಯುವುದು, ಮುಂದೆ ಗುಂಡಿ ತೋಡಿಸಿ ಇದ್ದಲು ತುಂಬಿಸುವುದು. ಕರಾವಳಿಯಲ್ಲಿ ಉಪ್ಪು ಹೆಚ್ಚು ಸುರಿದರೆ ಜಿಐ ಪೈಪ್ ಬೇಗ ತುಕ್ಕು ಹಿಡಿಯುತ್ತದೆ, ಮಿತಿ ಇರಲಿ. 38 ಕದಲದಿದ್ದರೆ ಮೇನ್ ಸ್ವಿಚ್ ಆಫ್ ಮಾಡಿಸಿ ಸಾಕೆಟ್ ಬಿಚ್ಚಿಸಬೇಕು. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದು ಹಿಂದೆ ಎರಡೇ ತಂತಿ ಇರುವುದು ಸಾಮಾನ್ಯ. ಹಾಗೇ ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಸ್ವಿಚ್) ಇದೆಯೇ ನೋಡಿಸಿ.

ಅರ್ತ್ ಸರಿಯಾದ ಮೇಲೆ ಕೇಬಲ್ ಬದಲಿಸಿ. ಇಂಟರ್‌ಫೇಸಿನ ಹಿಂದಿನ ಕಾಲು ಇಂಚಿನ ತೂತು ಸಾಮಾನ್ಯವಾಗಿ ಬ್ಯಾಲೆನ್ಸ್ಡ್, ಅಂದರೆ ಸಿಗ್ನಲ್ಲಿನ ಎರಡೂ ತಂತಿ ಹೊರ ಹೆಣಿಗೆಯಿಂದ ಬೇರೆ. ಸ್ಪೀಕರಿನಲ್ಲೂ ಅಂಥದೇ ತೂತಿದ್ದರೆ ಎರಡೂ ತುದಿಗೆ ಎರಡು ಕಪ್ಪು ಉಂಗುರ ಇರುವ ಟಿಆರ್‌ಎಸ್ ಕೇಬಲ್ ಒಂದು ಜೊತೆ. ಒಂದೇ ಉಂಗುರದ್ದು ಗಿಟಾರ್ ಕೇಬಲ್, ಅದು ಬ್ಯಾಲೆನ್ಸ್ಡ್ ಅಲ್ಲ. ಚಾರ್ಜರ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ.

ಅಗ್ಗದ ಯುಎಸ್‌ಬಿ ಐಸೊಲೇಟರ್ (ಎರಡು ಬದಿಯ ವಿದ್ಯುತ್ ಸಂಪರ್ಕ ಕಡಿದು ಡೇಟಾ ಮಾತ್ರ ದಾಟಿಸುವಂಥದ್ದು) ತರುವ ಆಲೋಚನೆ ಇದ್ದರೆ ಬಿಡಿ. ಆ ಪುಟ್ಟ ಬೋರ್ಡುಗಳಲ್ಲಿ ಹೆಚ್ಚಿನವು ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ ದಾಟಿಸುತ್ತವೆ. ಈಗಿನ ಹೆಚ್ಚಿನ ಇಂಟರ್‌ಫೇಸುಗಳು 480ರ ವೇಗ ಕೇಳುತ್ತವೆ, ಪತ್ತೆಯೇ ಆಗುವುದಿಲ್ಲ. ಮಿಡಿ ಕೀಬೋರ್ಡಿಗಾದರೆ ಸಾಕು.

ಗದ್ದೆಬದು (ಸಿದ್ದಾಪುರ):

ಅದಕ್ಕೊಂದು ಸೇರಿಸುವುದಿದೆ. ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಕೆಲಸ ಮುಂದುವರಿಸುವವರಿಗೆ ಬೇರೆ ಥರದ ಝರ್ ಸದ್ದು ಬರುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ 50ರ ಜೊತೆ 150, 250, 350 ಹೀಗೆ ಬೆಸ ಗುಣಕಗಳೆಲ್ಲ ತುಂಬಿರುತ್ತವೆ. 50 ಹರ್ಟ್ಸಿಗೆ ಫಿಲ್ಟರ್ ಹಾಕಿ ಪ್ರಯೋಜನ ಇಲ್ಲ. ಲ್ಯಾಪ್‌ಟಾಪ್ ಬ್ಯಾಟರಿ, ಹೆಡ್‌ಫೋನ್, ಅಷ್ಟೇ. ಗುಡುಗು ಶುರುವಾದರೆ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು. ಅರ್ತ್ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ (ಮಿಂಚಿನ ಹೆಚ್ಚು ವೋಲ್ಟೇಜ್ ತಡೆಯಲು ಹಾಕುವ ಬೋರ್ಡ್) ಹೆಚ್ಚುಕಡಿಮೆ ಬರೀ ಉದ್ದನೆಯ ಪ್ಲಗ್ ಬೋರ್ಡ್.

ಇನ್ನು ಮೈಕಿನ ವಿಷಯ. ಕಂಡೆನ್ಸರ್ ಬೇಡ, ಡೈನಮಿಕ್ ತನ್ನಿ. ಚಂಡೆಯ ಪೆಟ್ಟು ಅಷ್ಟು ಜೋರು, ಅಷ್ಟು ಚುರುಕು, ಕಂಡೆನ್ಸರಿನ ಸೂಕ್ಷ್ಮತೆ ಅಲ್ಲಿ ಉಪದ್ರವವೇ. ಗೇನ್ (ಮೈಕಿನ ಸದ್ದು ಹಿಗ್ಗಿಸುವ ತಿರುಗಣೆ) ಸೊನ್ನೆಗಿಟ್ಟರೂ ಇಂಟರ್‌ಫೇಸಿನ ದೀಪ ಕೆಂಪಾಗಬಹುದು. ಹಂಚಿನ ಮನೆಯಲ್ಲಿ ಅದು ಊರಿನ ಸದ್ದನ್ನೆಲ್ಲ ಹೀರುತ್ತದೆ. ಮೇಲಾಗಿ ಜುಲೈ ತೇವಕ್ಕೆ ಕ್ಯಾಪ್ಸೂಲಿನಲ್ಲಿ ವಿದ್ಯುತ್ ಸೋರಿ ಚಟಪಟ ಅನ್ನಲು ಶುರುಮಾಡುತ್ತದೆ. ಡೈನಮಿಕ್ ಮೈಕಿಗೆ ಆ ರೋಗ ಇಲ್ಲ.

ರೆಕಾರ್ಡಿಂಗ್ ಅಂಗಳದಲ್ಲಿ ಮಾಡಿ. ಗಿಲಾಯಿ ಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಪ್ರತಿ ಪೆಟ್ಟಿನ ಬಾಲಕ್ಕೂ ಟರ್‍ರ್ ಅನ್ನುವ ಮರುದನಿ ಅಂಟಿಕೊಳ್ಳುತ್ತದೆ, ಆಮೇಲೆ ಅದನ್ನು ತೆಗೆಯಲು ಬರುವುದಿಲ್ಲ. ಅಂಗಳದಲ್ಲಿ ಗಾಳಿಯ ತೊಂದರೆ ಮಾತ್ರ. ಕಡಲಗಾಳಿ ಏಳುವ ಮುಂಚೆ, ಬೆಳಿಗ್ಗೆ ಮುಗಿಸಿ. ನೆಲಕ್ಕೆ ಕಂಬಳಿ ಹಾಸಿ. ಮೈಕ್ ಚರ್ಮದಿಂದ 1 ಮೀಟರಿನಿಂದ ಒಂದೂವರೆ ಮೀಟರ್ ದೂರ, ಸ್ವಲ್ಪ ಓರೆಯಾಗಿ. ತೀರಾ ಹತ್ತಿರ ಇಟ್ಟರೆ ಕೋಲಿನ ಟಕ್ ಮಾತ್ರ ಸಿಗುತ್ತದೆ, ಚಂಡೆಯ ಮೈದನಿ ಬರುವುದಿಲ್ಲ.

ಲೆವೆಲ್: ಅವರಿಗೆ ಅತಿ ಜೋರಿನ ಪೆಟ್ಟು ಹೊಡೆಯಲು ಹೇಳಿ, ಮೀಟರಿನ ತುದಿ ಮೈನಸ್ 12 ಡಿಬಿಗೆ ನಿಲ್ಲುವ ಹಾಗೆ ಗೇನ್ ಇಡಿ. 24 ಬಿಟ್, 48 ಕಿಲೊಹರ್ಟ್ಸ್. ತಾಲೀಮಿಗಿಂತ ರೆಕಾರ್ಡಿಂಗಿನಲ್ಲಿ ಎಲ್ಲರೂ ಜೋರು ಹೊಡೆಯುತ್ತಾರೆ, ಅದಕ್ಕೆ ಆ 12 ಡಿಬಿ ಜಾಗ. ಚಂಡೆಯಲ್ಲಿ ಕ್ಲಿಪ್ ಆದದ್ದು (ಮಿತಿ ಮೀರಿ ಅಲೆಯ ತುದಿ ಕತ್ತರಿಸಿದ್ದು) ಕಿವಿಗೆ ಒಡಕಾಗಿ ಕೇಳಿಸುವುದಿಲ್ಲ, ಮೊದಲ ಒಂದೆರಡು ಮಿಲಿಸೆಕೆಂಡ್ ಚಪ್ಪಟೆಯಾಗಿ ಪೆಟ್ಟು ಮಂಕಾಗುತ್ತದೆ ಅಷ್ಟೇ. ಅಲೆಯನ್ನು ದೊಡ್ಡದು ಮಾಡಿ ತುದಿ ಸಪಾಟಾಗಿದೆಯೇ ನೋಡಿ.

ಪ್ರತಿ ಬಗೆಯ ಪೆಟ್ಟನ್ನೂ ಮೆಲ್ಲಗೆ, ಮಧ್ಯಮ, ಜೋರು ಹೀಗೆ ಮೂರು ಹಂತದಲ್ಲಿ, ಹಂತಕ್ಕೆ ಎಂಟು ಹತ್ತು ಸಲ ಹೊಡೆಸಿ. ಚೆನ್ನಾದ ಮೂರು ಉಳಿಸಿಕೊಳ್ಳಿ. ಎಲ್ಲವೂ ಒಂದೇ ಕೂತದ್ದರಲ್ಲಿ ಆಗಲಿ. ಚರ್ಮದ ಶ್ರುತಿ ಬಿಸಿಲಿಗೆ ಏರುತ್ತದೆ, ತೇವಕ್ಕೆ ಇಳಿಯುತ್ತದೆ. ಬೆಳಿಗ್ಗೆಯದೂ ಮಧ್ಯಾಹ್ನದ್ದೂ ಒಂದೇ ಕಿಟ್ಟಿನಲ್ಲಿ ಸೇರಿದರೆ ಎರಡು ಚಂಡೆ ಕೇಳಿದ ಹಾಗಾಗುತ್ತದೆ.

ಕತ್ತರಿಸುವಾಗ ಪೆಟ್ಟಿನ ಮುಂದೆ ಒಂದು ಮಿಲಿಸೆಕೆಂಡಿಗಿಂತ ಹೆಚ್ಚು ಖಾಲಿ ಬಿಡಬೇಡಿ. 15 ಮಿಲಿಸೆಕೆಂಡ್ ಮೌನ ಉಳಿದರೆ ‘ಪ್ಯಾಡ್ ತಡವಾಗುತ್ತಿದೆ’ ಎಂದು ಬಫರಿನ (ಲ್ಯಾಪ್‌ಟಾಪ್ ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕಿನ) ಮೇಲೆ ದೂರು ಹಾಕುತ್ತೀರಿ. ಅಂದಹಾಗೆ ಬಫರ್ 128 ಇಟ್ಟರೆ 48 ಕಿಲೊಹರ್ಟ್ಸಿನಲ್ಲಿ ಅದು 2.7 ಮಿಲಿಸೆಕೆಂಡ್, 256ಕ್ಕೆ 5.3, 1024ಕ್ಕೆ 21. ನುಡಿಸುವಾಗ 128, ಮಿಕ್ಸ್ ಮಾಡುವಾಗ 1024. ಇಂಟರ್‌ಫೇಸಿನ ಸ್ವಂತ ಏಸಿಯೊ ಡ್ರೈವರನ್ನೇ (ವಿಂಡೋಸ್‌ನಲ್ಲಿ ಸದ್ದು ತಡವಾಗದಂತೆ ಮಾಡುವ ಸಾಫ್ಟ್‌ವೇರ್) ಬಳಸಿ, ವೈಫೈ ಆರಿಸಿ.

ರೀಪರ್‌ನ ರಿಯಾಸ್ಯಾಂಪ್ಲೊಮ್ಯಾಟಿಕ್ ಎಂಬ ಸ್ಯಾಂಪಲ್ ನುಡಿಸುವ ಪ್ಲಗಿನ್ನಿನಲ್ಲಿ ಹಂತಗಳನ್ನು ವೆಲಾಸಿಟಿಗೆ (ಕೀಲಿ ಎಷ್ಟು ಜೋರಾಗಿ ಒತ್ತಿದಿರಿ ಎಂಬ ಅಂಕಿಗೆ) ಹಂಚಿ: 1ರಿಂದ 50, 51ರಿಂದ 95, 96ರಿಂದ 127. ಒಂದು ಹಂತದ ಮೂರು ಸ್ಯಾಂಪಲ್ ಅದಲುಬದಲಾಗಿ ಬರಬೇಕಾದರೆ ಮೂರು ಪ್ರತಿ ಹಾಕಿ, ‘ಪ್ರಾಬಬಿಲಿಟಿ’ಯನ್ನು ಕ್ರಮವಾಗಿ 33, 50, 100 ಮಾಡಿ, ನುಡಿಸಿದ ನೋಟನ್ನು ಸರಪಳಿಯಿಂದ ತೆಗೆಯುವ ಆಯ್ಕೆಗೆ ಟಿಕ್ ಹಾಕಿ. ಮೂರಕ್ಕೂ 33 ಕೊಟ್ಟರೆ ನಾಲ್ಕು ಪೆಟ್ಟಿನಲ್ಲಿ ಒಂದಾದರೂ ನುಂಗಿಹೋಗುತ್ತದೆ: ಮೊದಲನೆಯದು ಬಿಟ್ಟದ್ದರಲ್ಲಿ ಅರ್ಧ ಎರಡನೆಯದಕ್ಕೆ, ಉಳಿದದ್ದೆಲ್ಲ ಮೂರನೆಯದಕ್ಕೆ ಸಿಗಬೇಕು. ಹೀಗೆ ಮಾಡದೆ ಒಂದೇ ಸ್ಯಾಂಪಲ್ಲನ್ನು ಉರುಳಿಕೆಗೆ ಬಳಸಿದರೆ ಚಂಡೆ ಹೋಗಿ ಮಷಿನ್ ಗನ್ ಬರುತ್ತದೆ.

ಕೋಡಿಬಾಗ್ ಮೋಡ್ಯುಲರ್ (ಕಾರವಾರ):

ಸ್ಯಾಂಪಲ್ ಒಳ್ಳೆಯದೇ. ಆದರೆ ಎಲೆಕ್ಟ್ರಾನಿಕ್ ಸಂಗೀತ ಮಾಡಲು ಹೊರಟವರು ಚಂಡೆಯನ್ನು ಕಟ್ಟಿಯೂ ನೋಡಬೇಕು ಅನ್ನುವುದು ನನ್ನ ಹಟ. ಸ್ಯಾಂಪಲ್ಲನ್ನು ಎರಡು ಮೂರು ಸ್ವರ ಮೇಲೆ ಕೆಳಗೆ ಎಳೆದರೆ ಅಳ್ಳಕವಾಗುತ್ತದೆ. ಸಿಂಥಿನಲ್ಲಿ ಕಟ್ಟಿದ್ದು ಯಾವ ಶ್ರುತಿಗೂ ಕೂರುತ್ತದೆ.

ಸರ್ಜ್‌ನಲ್ಲೇ ಮಾಡಬಹುದು. ಒಂದು ಸೈನ್ ಆಸಿಲೇಟರ್ (ಮೇಲ್ಸ್ವರವಿಲ್ಲದ ಶುದ್ಧ ಅಲೆ) ಷಡ್ಜಕ್ಕೆ. ಅದರ ಪಿಚ್‌ಗೆ ಒಂದು ಎನ್ವಲಪ್ (ಕಾಲದ ಜೊತೆ ಏರಿಳಿಯುವ ಗೆರೆ): 5ರಿಂದ 7 ಸೆಮಿಟೋನ್ ಮೇಲಿನಿಂದ 15-20 ಮಿಲಿಸೆಕೆಂಡಿನಲ್ಲಿ ಇಳಿಯಬೇಕು. ಎರಡನೇ ಸೈನ್ ಮೊದಲನೆಯದರ 1.59 ಪಟ್ಟಿಗೆ, ಅಂದರೆ ಸುಮಾರು 8 ಸೆಮಿಟೋನ್ ಮೇಲೆ, 6 ಡಿಬಿ ಕಡಿಮೆ. ಮೂರನೆಯದು 2.14 ಪಟ್ಟು, ಇನ್ನೂ ಕಡಿಮೆ. ಕೋಲಿನ ಟಕ್‌ಗೆ ನಾಯ್ಸ್, 2 ಕಿಲೊಹರ್ಟ್ಸಿನ ಕೆಳಗಿನದೆಲ್ಲ ಕತ್ತರಿಸಿ, 10 ಮಿಲಿಸೆಕೆಂಡಿನಲ್ಲಿ ಮುಗಿಯುವ ಹಾಗೆ. ಮೈದನಿಯ ಡಿಕೇ (ದನಿ ಕುಗ್ಗುವ ಕಾಲ) 120ರಿಂದ 180 ಮಿಲಿಸೆಕೆಂಡ್. ಅಟ್ಯಾಕ್ (ದನಿ ಏರುವ ಕಾಲ) ಪೂರ್ತಿ ಸೊನ್ನೆ. ಇವೆಲ್ಲ ಆರಂಭದ ಅಂಕಿಗಳು, ಆಮೇಲೆ ನಿಜವಾದ ಚಂಡೆ ಕೇಳಿಕೊಂಡು ಕಿವಿಯಿಂದ ತಿದ್ದಿ.

ಆ 1.59, 2.14 ಸುಮ್ಮನೆ ಹೇಳಿದ್ದಲ್ಲ. ಎಲ್ಲೆಡೆ ಒಂದೇ ದಪ್ಪದ, ಬಿಗಿದು ಕಟ್ಟಿದ ದುಂಡನೆಯ ಚರ್ಮ ಕಂಪಿಸುವ ಅನುಪಾತ 1, 1.59, 2.14, 2.30, 2.65 ಹೀಗೆ ಹೋಗುತ್ತದೆ. ಸಂಗೀತದ ಸ್ವರಗಳಿಗೆ ಕೂಡುವುದಿಲ್ಲ. ಮದ್ದಳೆ, ಮೃದಂಗಕ್ಕೆ ಈ ಅಂಕಿ ಹಾಕಿದರೆ ತಪ್ಪಾಗುತ್ತದೆ. ಚರ್ಮದ ನಡುವಿನ ಕಪ್ಪು ಕರಣೆಯ ಭಾರ ಆ ಕಂಪನಗಳನ್ನು 1, 2, 3, 4, 5ರ ಹತ್ತಿರಕ್ಕೆ ಎಳೆದು ತರುತ್ತದೆ. ಸಿ.ವಿ. ರಾಮನ್ 1920ರಲ್ಲಿ ಇದರ ಬಗ್ಗೆ ಬರೆದರು, 1934ರಲ್ಲಿ ಇನ್ನೂ ವಿವರವಾಗಿ. ಹಾಗಾಗಿ ಮದ್ದಳೆಗೆ ಸೈನ್‌ಗಳನ್ನು ಪೂರ್ಣ ಗುಣಕಗಳಲ್ಲಿ ಇಡಿ, ಪಿಚ್ ಎನ್ವಲಪ್ಪನ್ನು ಒಂದು ಸೆಮಿಟೋನಿಗೆ ಇಳಿಸಿ.

ಲಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಏಳು ಅಕ್ಷರದ ತ್ರಿವುಡೆಯನ್ನು 4/4ರ ಗ್ರಿಡ್ಡಿನಲ್ಲಿ ಹಾಕಬೇಡಿ. 7/8 ಮಾಡಿ, 3+2+2ರ ಗುರುತು ಇಟ್ಟುಕೊಳ್ಳಿ. ಡಿಲೇ ಎಫೆಕ್ಟನ್ನು (ಪೆಟ್ಟನ್ನು ಮತ್ತೆ ಮತ್ತೆ ಮರಳಿಸುವುದನ್ನು) ಕಾಲು ನೋಟಿಗೆ ಸಿಂಕ್ ಮಾಡಿದರೆ ಮೊದಲ ಪೆಟ್ಟಿನ ಮರುದನಿ ಒಂದು ಆವರ್ತದಲ್ಲಿ 3, 5, 7ನೇ ಅಕ್ಷರದ ಮೇಲೆ, ಮುಂದಿನದರಲ್ಲಿ 2, 4, 6ರ ಮೇಲೆ ಬೀಳುತ್ತದೆ. ಎಂಟನೇ ನೋಟಿಗೆ ಸಿಂಕ್ ಮಾಡಿ. ಕ್ವಾಂಟೈಸ್ (ಪೆಟ್ಟನ್ನು ಗ್ರಿಡ್ಡಿಗೆ ಎಳೆದು ಕೂರಿಸುವುದು) ಶೇಕಡಾ 100 ಬೇಡ, 60-70 ಸಾಕು.

ಬಿಳಿ ಐದು (ಹೊನ್ನಾವರ):

ಗಾಂಧಾರ ನನಗಿರಲಿ.

ಸಿಂಥಿನ ಸ್ವರಗಳು ಸಮಪಾಲಿನವು (ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದವು), ಅಲ್ಲಿ ಅಂತರ ಗಾಂಧಾರ 400 ಸೆಂಟ್‌ನಲ್ಲಿ ಕೂತಿರುತ್ತದೆ. ಒಂದು ಸ್ಥಾಯಿಗೆ 1200 ಸೆಂಟ್. ಶ್ರುತಿಯೊಳಗಿಂದ ಹುಟ್ಟುವ ಗಾಂಧಾರ 5/4, ಅಂದರೆ 386 ಸೆಂಟ್. ಶ್ರುತಿ ಕಪ್ಪು ಒಂದು (ಸಿ ಶಾರ್ಪ್) ಅಂತಿಟ್ಟುಕೊಳ್ಳಿ, ಷಡ್ಜ 277.18 ಹರ್ಟ್ಸ್. ಅದರ ಐದನೇ ಮೇಲ್ಸ್ವರ 1385.9. ಸಿಂಥಿನ ಗಾಂಧಾರ 349.23, ಅದರ ನಾಲ್ಕನೇ ಮೇಲ್ಸ್ವರ 1396.9. ಎರಡೂ ಒಟ್ಟಿಗೆ ಮೊಳಗಿದರೆ ಸೆಕೆಂಡಿಗೆ 11 ಸಲ ಬಡಿದುಕೊಳ್ಳುತ್ತವೆ. ನಿಮಗೆ ಒರಟು ಕೇಳುವುದು ಅದು. ಪ್ಯಾಚ್ ಬದಲಿಸಿದರೆ ಹೋಗುವಂಥದ್ದಲ್ಲ. ಫಿಲ್ಟರ್ ಮುಚ್ಚಿ ಮೇಲ್ಸ್ವರ ತೆಗೆದರೆ ಕಡಿಮೆ ಆದಂತೆ ತೋರುತ್ತದೆ, ಅಷ್ಟೇ.

ಸರ್ಜ್ ಎಕ್ಸ್‌ಟಿ ಸ್ಕಾಲಾ ಕಡತ (ಸ್ವರಸ್ಥಾನಗಳ ಪಟ್ಟಿ) ಓದುತ್ತದೆ. ನೋಟ್‌ಪ್ಯಾಡಿನಲ್ಲಿ ಬರೆದು ಎಸ್‌ಸಿಎಲ್ ವಿಸ್ತರಣೆಯಲ್ಲಿ ಉಳಿಸಿ. ಮೊದಲ ಸಾಲಿಗೆ ಒಂದು ಹೆಸರು, ಎರಡನೇ ಸಾಲಿಗೆ 12, ಆಮೇಲೆ ಸಾಲಿಗೊಂದರಂತೆ:

16/15
9/8
6/5
5/4
4/3
45/32
3/2
8/5
5/3
9/5
15/8
2/1

ಷಡ್ಜದ 1/1 ಬರೆಯಬಾರದು, ಕೊನೆಗೆ ಮೇಲಿನ ಷಡ್ಜದ 2/1 ಬಿಡಬಾರದು. ಹೆಚ್ಚಿನವರು ಎಡವುವುದು ಇಲ್ಲೇ. 1/1 ಸೇರಿಸಿ ಕೊನೆಯದನ್ನು ಬಿಟ್ಟರೆ ಮೇಲಿನ ಷಡ್ಜದ ಜಾಗದಲ್ಲಿ ಕಾಕಲಿ ನಿಷಾದ ಕೂತು ಸ್ಥಾಯಿಯೇ ಕುಗ್ಗುತ್ತದೆ. ಮೋಹನದ ಧೈವತ 5/3 ತಗ್ಗಿತು ಅನಿಸಿದರೆ 27/16 ಹಾಕಿ ನೋಡಿ, 884 ಸೆಂಟಿನಿಂದ 906ಕ್ಕೆ ಏರುತ್ತದೆ. ಯಾವುದು ಸರಿ ಎಂಬುದು ನಿಮ್ಮ ಕಿವಿಗೆ ಬಿಟ್ಟದ್ದು. ಪಂಚಮದ ಜೊತೆ ಓಡಾಡುವ ಸಂಚಾರಕ್ಕೆ ನನಗೆ 27/16 ಹಿಡಿಸುತ್ತದೆ.

ಇದರ ಜೊತೆ ಕೆಬಿಎಂ ಕಡತ (ಷಡ್ಜ ಯಾವ ಕೀಲಿಗೆ, ಎಷ್ಟು ಹರ್ಟ್ಸಿಗೆ ಎಂದು ಹೇಳುವುದು) ಬೇಕೇ ಬೇಕು. ಎಸ್‌ಸಿಎಲ್ ಮಾತ್ರ ಹಾಕಿದರೆ ಷಡ್ಜ ಬಿಳಿ ಒಂದರ (ಸಿ) ಮೇಲೆ ಕೂರುತ್ತದೆ. ನೀವು ಕಪ್ಪು ಒಂದರಿಂದ ಮೋಹನ ಹಿಡಿದರೆ ಷಡ್ಜದ ಜಾಗದಲ್ಲಿ 16/15 ಇರುತ್ತದೆ, ಅಲ್ಲಿಂದ ರಿಷಭಕ್ಕೆ 204, ಗಾಂಧಾರಕ್ಕೆ 386 ಸಿಕ್ಕರೂ ಷಡ್ಜವೇ ಶ್ರುತಿಪೆಟ್ಟಿಗೆಗಿಂತ 12 ಸೆಂಟ್ ಮೇಲೆ. ಕೆಬಿಎಂನಲ್ಲಿ ನಡುವಿನ ನೋಟ್ 61, ಆಧಾರ ನೋಟ್ 61, ಆವರ್ತನ 277.18 ಎಂದು ಕೊಡಿ. ಶ್ರುತಿಪೆಟ್ಟಿಗೆಯ ಪಿಚ್ ತಿರುಗಣೆ ಸರಿಯಾಗಿ ಅಲ್ಲಿ ನಿಂತಿರುವುದು ಅಪರೂಪ. ಟ್ಯೂನರ್ ಹಿಡಿದು ಅದು ಎಷ್ಟು ಹರ್ಟ್ಸ್ ಹೇಳುತ್ತದೋ ಅದನ್ನೇ ಕೆಬಿಎಂಗೆ ಬರೆದರೆ ಜಗಳ ಮುಗಿಯಿತು.

ಹಾರ್ಮೋನಿಯಂ ಸೇರಿಸುವುದಾದರೆ ಸ, ಪ ಮಾತ್ರ ಒತ್ತಿ. ಅದರ ಗಾಂಧಾರವೂ ಸಮಪಾಲಿನದೇ.

ಗಮಕಕ್ಕೆ ಎರಡು ಮಾತು. ಪಿಚ್ ಬೆಂಡ್ (ಸ್ವರ ಬಗ್ಗಿಸುವ ಮಿತಿ) ಮೊದಲೇ ಇರುವ 2 ಸೆಮಿಟೋನಿನಿಂದ 12ಕ್ಕೆ ಏರಿಸಿ, ಮೋನೋ (ಒಮ್ಮೆಗೆ ಒಂದೇ ಸ್ವರ) ಮಾಡಿ ಗ್ಲೈಡ್ (ಸ್ವರದಿಂದ ಸ್ವರಕ್ಕೆ ಜಾರುವ ಕಾಲ) 60ರಿಂದ 120 ಮಿಲಿಸೆಕೆಂಡ್. ಕಂಪಿತಕ್ಕೆ ಎಲ್‌ಎಫ್‌ಒ (ತಾನಾಗಿ ನಿಧಾನ ಏರಿಳಿಸುವ ಅಲೆ) ಹಚ್ಚಬೇಡಿ. ಎಲ್‌ಎಫ್‌ಒ ಸಾಮಾನ್ಯವಾಗಿ ಸ್ವರದ ಎರಡೂ ಬದಿಗೆ ಒಂದೇ ಸಮ ತೂಗುತ್ತದೆ. ನಮ್ಮ ಕಂಪಿತ ಒಂದು ಬದಿಗೆ ವಾಲಿ, ಒಂದು ಕಡೆ ತಂಗಿ, ಇನ್ನೊಂದನ್ನು ತಾಗಿ ಬರುತ್ತದೆ. ಪಿಚ್ ಬೆಂಡಿನ ಗೆರೆಯನ್ನು ಕೈಯಿಂದಲೇ ಬಿಡಿಸಬೇಕು. ಒಂದು ಸಾಲಿಗೆ ಅರ್ಧ ಗಂಟೆ ಹೋಗುತ್ತದೆ, ಬೇರೆ ದಾರಿ ಇಲ್ಲ.

ಕೋಡಿಬಾಗ್ ಮೋಡ್ಯುಲರ್ (ಕಾರವಾರ):

@ಬಿಳಿ ಐದು, ಬೆಂಡ್ 12 ಮಾಡಿದಾಗ ಸರ್ಜ್‌ನಲ್ಲಿ ಶ್ರುತಿಯನ್ನು ಮಿಡಿ ಇನ್‌ಪುಟ್ಟಿನಲ್ಲಿ ಅನ್ವಯಿಸಬೇಕೋ ಮಾಡ್ಯುಲೇಷನ್ ಆದ ಮೇಲೋ ಎಂಬ ಆಯ್ಕೆಯನ್ನೂ ನೋಡಿಕೊಳ್ಳಬೇಕು. ಎರಡನೆಯದಾದರೆ ಪೂರ್ತಿ ಬಗ್ಗಿಸಿದ ಸ್ವರ ಕಡತದ ಸ್ವರಸ್ಥಾನದಲ್ಲೇ ಹೋಗಿ ಕೂರುತ್ತದೆ.

ಉಪ್ಪುಗಾಳಿಯ ಬಗ್ಗೆ ಯಾರೂ ಹೇಳಲಿಲ್ಲ. ಸಮುದ್ರದ ಹತ್ತಿರದ ಮನೆಯಲ್ಲಿ ಜ್ಯಾಕ್, ತಿರುಗಣೆಗಳು ಒಂದೇ ಮಳೆಗಾಲಕ್ಕೆ ಕರಕರ ಅನ್ನುತ್ತವೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಪ್ಲಗ್ ಒರೆಸಿ, ತೂತಿಗೆ ಹಾಕಿ ಹತ್ತು ಸಲ ತಿರುಗಿಸಿ. ಅಂಗಡಿಯ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ, ಅದು ತಿರುಗಣೆಯೊಳಗೆ ಅಂಟಾಗಿ ಧೂಳು ಹಿಡಿಯುತ್ತದೆ. ಬಳಸದಾಗ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ 200 ಗ್ರಾಂ.

ಅಳಿವೆದಂಡೆ (ಕುಮಟಾ):

ನೀರು ಹೊಯ್ದ ಮೇಲೆ ನ್ಯೂಟ್ರಲ್-ಅರ್ತ್ 38ರಿಂದ 5ಕ್ಕೆ ಇಳಿದಿದೆ. ಜುಂ ಇಲ್ಲ, ಸ್ಪೀಕರಿನ ಗುಂಯ್ ಆರ್‌ಸಿಎ ಕೇಬಲ್ಲಿನಲ್ಲೇ ಬಹುಪಾಲು ಹೋಯಿತು. ಹೆಡ್‌ಫೋನಿನ ಕುಂಯ್ ಹಾಗೇ ಇದೆ, ಮೌಸ್ ಆಡಿಸಿದರೆ ದನಿ ಬದಲಾಗುತ್ತದೆ.

ಮೂರನೇ ಪಿನ್ (ಶಿರಸಿ):

ಮೌಸಿನ ಜೊತೆ ಬದಲಾಗುವುದು ಅರ್ತಿನದಲ್ಲ, ಯುಎಸ್‌ಬಿಯ 5 ವೋಲ್ಟಿನಲ್ಲಿ ಬರುವ ಗದ್ದಲ. ಲ್ಯಾಪ್‌ಟಾಪಿನ ಇನ್ನೊಂದು ಬದಿಯ ಪೋರ್ಟಿಗೆ ಬದಲಿಸಿ, ಕೀಬೋರ್ಡ್ ಇರುವ ಹಬ್ಬಿನಿಂದ ಇಂಟರ್‌ಫೇಸನ್ನು ಬೇರೆ ಮಾಡಿ, ಕೇಬಲ್ ಒಂದು ಮೀಟರಿನೊಳಗಿನದು ಹಾಕಿ. ಆಗಲೂ ಇದ್ದರೆ ಸ್ವಂತ ಅಡಾಪ್ಟರಿನ ಹಬ್, ಆದರೆ ಮೊದಲು ಯಾರದ್ದಾದರೂ ಎರವಲು ತಂದು ನೋಡಿ; ಅಡಾಪ್ಟರ್ ಕಳಪೆಯಾದರೆ ಹೊಸ ಕುಂಯ್ ಬರುತ್ತದೆ. ರೆಕಾರ್ಡ್ ಆದ ಕಡತದಲ್ಲಿ ಆ ಸದ್ದು ಇದೆಯೇ ಎಂದು ಮೊದಲು ನೋಡಿ. ಹೆಡ್‌ಫೋನಿನಲ್ಲಿ ಮಾತ್ರ ಇದ್ದರೆ ಚಂಡೆಯ ಕೆಲಸಕ್ಕೆ ಅಡ್ಡಿಯಿಲ್ಲ, ಆ ದುಡ್ಡು ಮೈಕ್ ಸ್ಟ್ಯಾಂಡಿಗೆ ಇರಲಿ.